ಮ್ಯಾಚ್ ಆದ ಮೇಲೆ ಸ್ಟೆಪ್ 3 ಕೈಕೊಟ್ಟಾಗ

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಾನು ಎಂ.ಬಿ.ಬಿ.ಎಸ್. ಮುಗಿಸಿ, ಮದುವೆಯಾಗಿ, ಯಜಮಾನರ ಕೆಲಸದ ನಿಮಿತ್ತ ಅಮೆರಿಕಕ್ಕೆ ಬಂದವಳು. ಅವರು ನೌಕರಿಗೆಂದು ಕೊಡುವ ಎಚ್-1ಬಿ ವೀಸಾದಲ್ಲಿದ್ದಾರೆ, ನಾನು ಅವರ ಪತ್ನಿಯಾಗಿ ಎಚ್-4ರಲ್ಲಿದ್ದೇನೆ. ಇಲ್ಲಿನ ವೈದ್ಯಕೀಯ ಲೈಸೆನ್ಸ್ ಪರೀಕ್ಷೆಯಾದ ಯುಎಸ್‌ಎಂಎಲ್‌ಇಯ ಹಂತಗಳಲ್ಲಿ ಸ್ಟೆಪ್ 1 ಮತ್ತು ಸ್ಟೆಪ್ 2 ಸಿಕೆ ಎರಡನ್ನೂ ಮೊದಲ ಸಲವೇ ಪಾಸು ಮಾಡಿ, ವಿದೇಶದಲ್ಲಿ ಓದಿದ ವೈದ್ಯರಿಗೆ ಬೇಕಾದ ಇಸಿಎಫ್‌ಎಂಜಿ ಸರ್ಟಿಫಿಕೇಟ್ ಪಡೆದು, ಈ ಮಾರ್ಚ್‌ನ ಮ್ಯಾಚ್‌ನಲ್ಲಿ (ಅಭ್ಯರ್ಥಿಗಳನ್ನು ಆಸ್ಪತ್ರೆಗಳಿಗೆ ಹೊಂದಿಸುವ ವ್ಯವಸ್ಥೆ) ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿ, ಅಂದರೆ ಪದವಿಯ ನಂತರದ ಆಸ್ಪತ್ರೆ ತರಬೇತಿ, ಪಡೆದೆ. ಜುಲೈ 1ಕ್ಕೆ ಕೆಲಸಕ್ಕೆ ಸೇರಬೇಕು. ಆಸ್ಪತ್ರೆಯವರು ಎಚ್-1ಬಿ ಮಾಡಿಸಿಕೊಡಲು ಒಪ್ಪಿದ್ದಾರೆ. ಅದಕ್ಕೆ ಸ್ಟೆಪ್ 3 ಪಾಸಾಗಿರಬೇಕೆಂದು ಮೊದಲೇ ತಿಳಿಸಿದ್ದರು. ಮಾರ್ಚ್ ಕೊನೆಯಲ್ಲಿ ಪರೀಕ್ಷೆ ಬರೆದೆ. ಕಳೆದ ಬುಧವಾರ ಫಲಿತಾಂಶ ಬಂತು: 193. ಪಾಸಾಗಲು 200 ಬೇಕಿತ್ತು. ಯಜಮಾನರನ್ನು ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ. ನನ್ನೊಂದಿಗೆ ಓದಿದ ಗೆಳತಿಯೊಬ್ಬಳಿಗೂ ಹಿಂದೆ ಹೀಗೇ ಆಗಿತ್ತಂತೆ. ಅವಳು "ಆಸ್ಪತ್ರೆಯವರಿಗೆ ಈಗಲೇ ಏನೂ ಹೇಳಬೇಡ, ಸಿಕ್ಕ ಮೊದಲ ತಾರೀಖಿಗೆ ಮತ್ತೆ ಬರೆದು, ಪಾಸಾದ ಮೇಲೆ ಹೇಳಿದರಾಯಿತು" ಎನ್ನುತ್ತಾಳೆ. ಹೇಳಿದರೆ ಸೀಟು ಕಿತ್ತುಕೊಳ್ಳುತ್ತಾರೆಯೇ? ಎಚ್-1ಬಿ ಬದಲು ತರಬೇತಿಗೆ ಬರುವವರಿಗೆ ಕೊಡುವ ಜೆ-1 ವೀಸಾ ತೆಗೆದುಕೊಳ್ಳಿ ಎಂದರೆ ಒಪ್ಪಿಕೊಳ್ಳಲೇ? ಕೊನೆಯದಾಗಿ, ಈ ಪರೀಕ್ಷೆಯಲ್ಲಿ ಫೇಲಾದ ನಾನು ವಾರ್ಡಿನಲ್ಲಿ ರೋಗಿಗಳನ್ನು ನೋಡಲು ಯೋಗ್ಯಳೇ ಎಂಬ ಪ್ರಶ್ನೆ ರಾತ್ರಿಯೆಲ್ಲ ಕಾಡುತ್ತದೆ.
(ಹೆಸರು, ಊರು ಬೇಡ)

ಉತ್ತರ: ನಿಮ್ಮ ಪ್ರಶ್ನೆ ತುರ್ತಿನದಾದ್ದರಿಂದ ಇದರ ಸಾರವನ್ನು ನಿಮಗೆ ಆಗಲೇ ಇಮೇಲ್ ಮೂಲಕ ತಿಳಿಸಿದ್ದೇನೆ, ಇದೇ ಸ್ಥಿತಿಯಲ್ಲಿ ಇರುವವರಿಗೆ ಉಪಯೋಗವಾಗಲಿ ಎಂದು ನಿಮ್ಮ ಒಪ್ಪಿಗೆಯ ಮೇರೆಗೆ ಇಲ್ಲಿ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ನಿಮ್ಮ ಗೆಳತಿ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಆದರೆ ಆ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಪ್ರೋಗ್ರಾಂ ಡೈರೆಕ್ಟರಿಗೆ ಈ ವಾರವೇ ವಿಷಯ ತಿಳಿಸಿ. ಇದನ್ನು ಪ್ರಾಮಾಣಿಕತೆಯ ಪಾಠವಾಗಿ ಹೇಳುತ್ತಿಲ್ಲ. ಕ್ಯಾಲೆಂಡರ್ ಮುಂದಿಟ್ಟುಕೊಂಡು ಲೆಕ್ಕ ಹಾಕಿದರೆ ನಿಮಗೇ ಗೊತ್ತಾಗುತ್ತದೆ. ಈಗ ಏಪ್ರಿಲ್ ಕೊನೆಗೆ ಬಂದಿದ್ದೇವೆ. ಸ್ಟೆಪ್ 3ರ ಅರ್ಜಿ ಸ್ವೀಕರಿಸುವ ಸಂಸ್ಥೆಯಾದ ಎಫ್‌ಎಸ್‌ಎಂಬಿಗೆ ಮತ್ತೆ ಅರ್ಜಿ ಹಾಕಿ, ಅನುಮತಿ ಪತ್ರ ಬಂದು, ಪರೀಕ್ಷೆ ಎರಡು ದಿನದ್ದಾದ್ದರಿಂದ ಪ್ರೊಮೆಟ್ರಿಕ್ ಪರೀಕ್ಷಾ ಕೇಂದ್ರದಲ್ಲಿ ಬೆನ್ನುಬೆನ್ನಿಗೆ ಅಥವಾ ಹತ್ತಿರ ಹತ್ತಿರದಲ್ಲಿ ಎರಡು ದಿನ ಸಿಗುವಷ್ಟರಲ್ಲಿ ಮೇ ಅರ್ಧ ಕಳೆದಿರುತ್ತದೆ. ಫಲಿತಾಂಶಕ್ಕೆ ಸಾಮಾನ್ಯವಾಗಿ ಮೂರರಿಂದ ನಾಲ್ಕು ವಾರ. ಅಂದರೆ ಜೂನ್ ಮಧ್ಯ. ಅಲ್ಲಿಂದ ಆಸ್ಪತ್ರೆಯವರು ಕಾರ್ಮಿಕ ಇಲಾಖೆಯ ಎಲ್‌ಸಿಎ ಎಂಬ ಪ್ರಮಾಣಪತ್ರ ಪಡೆಯಲು ಏಳು ಕೆಲಸದ ದಿನ, ಆಮೇಲೆ ಪ್ರೀಮಿಯಂ ಶುಲ್ಕ ಕಟ್ಟಿದರೂ ಎಚ್-1ಬಿ ಅರ್ಜಿಯ ಮೇಲೆ ನಿರ್ಧಾರ ಬರಲು 15 ಕೆಲಸದ ದಿನ. ಎಲ್ಲವೂ ಒಂದಿಷ್ಟೂ ತಡವಾಗದೆ ನಡೆದರೂ ಜುಲೈ ಅರ್ಧ ದಾಟುತ್ತದೆ. ಆದ್ದರಿಂದ ಗುಟ್ಟಾಗಿ ಬರೆದು ಪಾಸಾದರೂ ಜುಲೈ 1ರಂದು ನೀವು ಎಚ್-1ಬಿಯಲ್ಲಿ ಕೆಲಸಕ್ಕೆ ಸೇರಲು ಆಗುವುದಿಲ್ಲ. ಅದರ ಬದಲು ಈಗಲೇ ತಿಳಿಸಿದರೆ, ಎಲ್‌ಸಿಎ ಮತ್ತು ಮಿಕ್ಕ ಕಾಗದಪತ್ರಗಳನ್ನೆಲ್ಲ ಅವರು ಮುಂಚಿತವಾಗಿ ಸಿದ್ಧಪಡಿಸಿ ಇಟ್ಟುಕೊಂಡು, ಫಲಿತಾಂಶ ಬಂದ ದಿನವೇ ಅರ್ಜಿ ಕಳುಹಿಸಬಹುದು. ನಿಮಗೆ ಎರಡು ವಾರ ಉಳಿಯುತ್ತದೆ. ಮುಚ್ಚಿಟ್ಟರೆ ಆ ಎರಡು ವಾರವೂ ಹೋಗುತ್ತದೆ, ಡೈರೆಕ್ಟರ್ ನಿಮ್ಮ ಮಾತಿನ ಮೇಲೆ ಇಟ್ಟಿರುವ ನಂಬಿಕೆಯೂ ಹೋಗುತ್ತದೆ.

ಸೀಟು ಕಿತ್ತುಕೊಳ್ಳುವ ವಿಷಯಕ್ಕೆ ಬರೋಣ. ಮ್ಯಾಚ್ ಎನ್ನುವುದು ನಿಮ್ಮನ್ನಷ್ಟೇ ಅಲ್ಲ, ಆಸ್ಪತ್ರೆಯನ್ನೂ ಕಟ್ಟಿಹಾಕುವ ಒಪ್ಪಂದ. ನಿಮ್ಮ ಜಾಗವನ್ನು ಇನ್ನೊಬ್ಬರಿಗೆ ಕೊಡಬೇಕಾದರೆ ಅವರು ಮ್ಯಾಚ್ ನಡೆಸುವ ಸಂಸ್ಥೆಯಾದ ಎನ್‌ಆರ್‌ಎಂಪಿಯಿಂದ ವಿನಾಯಿತಿ ಪಡೆಯಬೇಕೇ ಹೊರತು, ಒಂದು ಫೋನ್ ಕರೆಯಲ್ಲಿ ಸಂಬಂಧ ಮುಗಿಸುವಂತಿಲ್ಲ. ಹಾಗೆಂದು ಅಪಾಯವೇ ಇಲ್ಲ ಎಂದು ಹೇಳಿದರೆ ನಿಮಗೆ ಸುಳ್ಳು ಹೇಳಿದಂತಾಗುತ್ತದೆ. ಸ್ಟೆಪ್ 3 ಪಾಸಾಗಿರುವುದು ಕೆಲಸಕ್ಕೆ ಸೇರುವ ಷರತ್ತು ಎಂದು, ಮ್ಯಾಚ್‌ಗೆ ಆದ್ಯತೆಯ ಕ್ರಮ ತಿಳಿಸುವ ರ‍್ಯಾಂಕ್ ಪಟ್ಟಿ ಸಲ್ಲಿಸುವ ಮೊದಲೇ ಬರವಣಿಗೆಯಲ್ಲಿ ತಿಳಿಸಿದ್ದರೆ, ಅಥವಾ ನೀವು ಸೇರಬೇಕಾದ ದಿನ ಕೆಲಸ ಮಾಡುವ ಅನುಮತಿಯೇ ನಿಮ್ಮ ಬಳಿ ಇಲ್ಲದಿದ್ದರೆ, ವಿನಾಯಿತಿ ಕೇಳಲು ಅವರಿಗೆ ಕಾರಣ ಸಿಗುತ್ತದೆ. ಹಾಗಾಗಿ ಅವರು ನಿಮಗೆ ಕಳಿಸಿದ ಇಮೇಲ್‌ಗಳನ್ನೂ ಕರಾರು ಪತ್ರವನ್ನೂ ತೆಗೆದು, ಅದರಲ್ಲಿ ಸ್ಟೆಪ್ 3ರ ಬಗ್ಗೆ ಯಾವ ಪದಗಳಿವೆ ಎಂದು ನೋಡಿ. "ಎಚ್-1ಬಿ ಬೇಕಾದವರು ಸ್ಟೆಪ್ 3 ಪಾಸಾಗಿರಬೇಕು" ಎಂಬುದು ಒಂದು ಷರತ್ತು. "ಸೇರುವ ಎಲ್ಲರೂ ಸ್ಟೆಪ್ 3 ಪಾಸಾಗಿರಬೇಕು" ಎಂಬುದು ಪೂರ್ತಿ ಬೇರೆ ಷರತ್ತು. ಬಹುತೇಕ ಆಸ್ಪತ್ರೆಗಳಲ್ಲಿ ಇರುವುದು ಮೊದಲನೆಯದು. ಹಾಗಿದ್ದರೆ ನಿಮ್ಮ ಸಮಸ್ಯೆ ವೀಸಾದ್ದು, ರೆಸಿಡೆನ್ಸಿಯದ್ದಲ್ಲ. ಡೈರೆಕ್ಟರ್ ದೃಷ್ಟಿಯಿಂದಲೂ ಯೋಚಿಸಿ: ಜುಲೈಯಲ್ಲಿ ಒಬ್ಬ ಇಂಟರ್ನ್ (ಮೊದಲ ವರ್ಷದ ರೆಸಿಡೆಂಟ್) ಕಡಿಮೆಯಾದರೆ ಅವರು ವರ್ಷವಿಡೀ ಹಾಕಿದ ಡ್ಯೂಟಿ ಪಟ್ಟಿ ಏರುಪೇರಾಗುತ್ತದೆ. ನಿಮ್ಮನ್ನು ಉಳಿಸಿಕೊಳ್ಳುವುದರಲ್ಲಿ ಅವರ ಹಿತವೂ ಇದೆ. ಏಪ್ರಿಲ್‌ನಲ್ಲಿ ಗೊತ್ತಾದರೆ ದಾರಿ ಹುಡುಕುತ್ತಾರೆ. ಜೂನ್ 20ಕ್ಕೆ ಗೊತ್ತಾದರೆ ಹುಡುಕಲು ಅವರಿಗೆ ಸಮಯವೇ ಇರುವುದಿಲ್ಲ.

ಮೊದಲು ಫೋನ್ ಮಾಡಿ, ಅದೇ ದಿನ ಇಮೇಲ್ ಕಳುಹಿಸಿ, ಕೋಆರ್ಡಿನೇಟರಿಗೂ ಅದರ ಪ್ರತಿ ಹೋಗಲಿ. ಇಮೇಲ್ ಉದ್ದವಾಗಿರಬೇಕಿಲ್ಲ. "ನನ್ನ ಸ್ಟೆಪ್ 3 ಫಲಿತಾಂಶ ಈ ವಾರ ಬಂದಿದ್ದು, ಅಂಕ 193, ಅನುತ್ತೀರ್ಣ. ಮರುಪರೀಕ್ಷೆಗೆ ಅರ್ಜಿ ಹಾಕುತ್ತಿದ್ದೇನೆ. ಈಗಿನ ಲೆಕ್ಕದಲ್ಲಿ ಫಲಿತಾಂಶ ಇಂಥ ವಾರ ಬರಬಹುದು. ಜುಲೈ 1ಕ್ಕೆ ಸೇರಲು ಯಾವ ದಾರಿಗಳಿವೆ, ತಡವಾಗಿ ಸೇರುವ ಅವಕಾಶವಿದೆಯೇ ಎಂದು ನಿಮ್ಮೊಂದಿಗೂ ಆಸ್ಪತ್ರೆಯ ವೀಸಾ ಕಚೇರಿಯೊಂದಿಗೂ ಮಾತನಾಡಲು ಬಯಸುತ್ತೇನೆ." ಇಷ್ಟು ಸಾಕು. ಪರೀಕ್ಷೆಯ ದಿನ ತಲೆನೋವಿತ್ತು, ಮ್ಯಾಚ್‌ನ ಆತಂಕದಲ್ಲಿ ಓದಲಾಗಲಿಲ್ಲ ಎಂಬ ವಿವರಣೆಗಳು ನಿಜವೇ ಇದ್ದರೂ ಇಮೇಲಿನಲ್ಲಿ ಬೇಡ. ಅವರಾಗಿಯೇ ಕೇಳಿದರೆ ಫೋನಿನಲ್ಲಿ ಹೇಳಿ. ಕ್ಷಮೆಯನ್ನೂ ಪದೇ ಪದೇ ಕೇಳಬೇಡಿ. ಪರೀಕ್ಷೆಯಲ್ಲಿ ನಪಾಸಾಗುವುದು ಯಾರ ವಿರುದ್ಧವೂ ಮಾಡಿದ ಅಪರಾಧವಲ್ಲ.

ಇನ್ನು ವೀಸಾದ ದಾರಿಗಳು. ಪತ್ರದಲ್ಲಿ ನೀವು ಹೇಳದೆ ಬಿಟ್ಟ ಒಂದು ಸಂಗತಿ ಎಲ್ಲಕ್ಕಿಂತ ಮುಖ್ಯವಾಗಬಹುದು: ನಿಮ್ಮ ಯಜಮಾನರ ಗ್ರೀನ್ ಕಾರ್ಡ್ ಅರ್ಜಿ ಯಾವ ಹಂತದಲ್ಲಿದೆ? ಅದಕ್ಕಾಗಿ ಅವರ ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾಗಿದ್ದರೆ, 2015ರಿಂದ ಜಾರಿಯಲ್ಲಿರುವ ನಿಯಮದಂತೆ ಎಚ್-4ರಲ್ಲಿರುವ ನೀವೇ ಕೆಲಸದ ಅನುಮತಿ ಪತ್ರಕ್ಕೆ, ಅಂದರೆ ಇಎಡಿಗೆ, ಅರ್ಜಿ ಹಾಕಬಹುದು. ಅದು ಕೈಯಲ್ಲಿದ್ದರೆ ರೆಸಿಡೆನ್ಸಿಗೆ ಎಚ್-1ಬಿಯೂ ಬೇಡ, ಅದಕ್ಕಾಗಿ ಸ್ಟೆಪ್ 3ರ ತುರ್ತೂ ಇಲ್ಲ. ಮಿಕ್ಕ ಇಂಟರ್ನ್‌ಗಳಂತೆ ತರಬೇತಿಯ ನಡುವೆ ಪರೀಕ್ಷೆ ಬರೆಯಬಹುದು. ಈ ಅರ್ಜಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ ಎಂಬುದು ದೊಡ್ಡ ತೊಡಕು, ಆದರೂ ಐ-140 ಮಂಜೂರಾಗಿದ್ದರೆ ನಾಳೆಯೇ ಹಾಕಿ. ಹಲವು ದಂಪತಿಗಳಿಗೆ ಈ ದಾರಿ ಇದೆಯೆಂಬುದೇ ಹೊಳೆಯುವುದಿಲ್ಲ, ಏಕೆಂದರೆ ಮ್ಯಾಚ್‌ನ ಮಾತುಕತೆಯಲ್ಲಿ ಎಲ್ಲರ ಬಾಯಲ್ಲೂ ಎಚ್-1ಬಿ, ಜೆ-1 ಎಂಬ ಎರಡೇ ಹೆಸರುಗಳಿರುತ್ತವೆ.

ಎರಡನೆಯ ದಾರಿ, ತಡವಾಗಿ ಸೇರುವುದು. ಆಗಸ್ಟ್ ಅಥವಾ ಸೆಪ್ಟೆಂಬರ್‌ನಲ್ಲಿ ಸೇರಿಸಿಕೊಳ್ಳಲು ಪ್ರೋಗ್ರಾಂ ಒಪ್ಪಿದರೆ ಎಚ್-1ಬಿ ಕೈತಪ್ಪುವುದಿಲ್ಲ. ಅದರ ಬೆಲೆ ಮೂರು ವರ್ಷದ ನಂತರ ಕಾಣುತ್ತದೆ: ಇಂಟರ್ನಲ್ ಮೆಡಿಸಿನ್ ತರಬೇತಿ 36 ತಿಂಗಳು ತುಂಬಬೇಕಾದ್ದರಿಂದ ನೀವು ಅಷ್ಟೇ ತಡವಾಗಿ ಮುಗಿಸುತ್ತೀರಿ, ಆದರೆ ಅದರ ಮುಂದಿನ ವಿಶೇಷ ತರಬೇತಿಯಾದ ಫೆಲೋಶಿಪ್‌ಗಳು ಸಾಮಾನ್ಯವಾಗಿ ಜುಲೈಯಲ್ಲೇ ಆರಂಭವಾಗುತ್ತವೆ. ಕಾರ್ಡಿಯಾಲಜಿ, ಗ್ಯಾಸ್ಟ್ರೋಎಂಟರಾಲಜಿ ಮೊದಲಾದವುಗಳ ಆಸೆಯಿದ್ದರೆ ಇದನ್ನು ಈಗಲೇ ಡೈರೆಕ್ಟರ್ ಜೊತೆ ಮಾತನಾಡಿಕೊಳ್ಳಿ. ಆಸೆಯಿಲ್ಲದಿದ್ದರೆ ಒಂದೆರಡು ತಿಂಗಳ ವಿಳಂಬ ದೊಡ್ಡ ವಿಷಯವೇ ಅಲ್ಲ. ಒಂದು ಎಚ್ಚರಿಕೆ: ಅಮೆರಿಕದೊಳಗೇ ಇದ್ದು ಎಚ್-4ರಿಂದ ಎಚ್-1ಬಿಗೆ ಬದಲಾಗುವ ಅರ್ಜಿ ಬಾಕಿಯಿರುವಾಗ ದೇಶ ಬಿಟ್ಟು ಹೊರಟರೆ ಆ ಬದಲಾವಣೆಯ ಕೋರಿಕೆ ಬಿದ್ದುಹೋಗುತ್ತದೆ. ಅದರ ಮೇಲೆ, ಹೊರದೇಶದಲ್ಲಿರುವವರ ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಕಟ್ಟಬೇಕೆಂಬ ಘೋಷಣೆ 2025ರ ಸೆಪ್ಟೆಂಬರ್‌ನಲ್ಲಿ ಹೊರಟಿತು. ಯಾವ ರೆಸಿಡೆನ್ಸಿ ಪ್ರೋಗ್ರಾಂ ಕೂಡ ಅಂಥ ಮೊತ್ತ ಕಟ್ಟಲು ಸುಲಭವಾಗಿ ಮುಂದೆ ಬರುವುದಿಲ್ಲ. ಸೇರುವ ಮುನ್ನ ಊರಿಗೆ ಹೋಗಿ ಬರುವ ಯೋಚನೆಯಿದ್ದರೆ ಈ ಸಲ ಕೈಬಿಡಿ.

ಮೂರನೆಯದು ಜೆ-1. ಇದಕ್ಕೆ ಸ್ಟೆಪ್ 3 ಬೇಡ. ಸ್ಟೆಪ್ 1, ಸ್ಟೆಪ್ 2 ಸಿಕೆ ಪಾಸಾಗಿ ಇಸಿಎಫ್‌ಎಂಜಿ ಸರ್ಟಿಫಿಕೇಟ್ ಇದ್ದರೆ ಸಾಕು, ವಿದೇಶದಲ್ಲಿ ಓದಿ ಬಂದ ಎಷ್ಟೋ ರೆಸಿಡೆಂಟರು ಇದೇ ವೀಸಾದಲ್ಲಿರುವವರು. ಕಾಗದಪತ್ರದ ಕೆಲಸ ಮಾತ್ರ ತುಸು ಜಾಸ್ತಿ: ಭಾರತದ ಕೇಂದ್ರ ಆರೋಗ್ಯ ಸಚಿವಾಲಯದಿಂದ ಸ್ಟೇಟ್‌ಮೆಂಟ್ ಆಫ್ ನೀಡ್ ಪತ್ರ ತರಿಸಬೇಕು, ಅದಕ್ಕೆ ವಾರಗಳು ಹಿಡಿಯುತ್ತವೆ. ಅವಿವಾಹಿತರೊಬ್ಬರು ಈ ಪ್ರಶ್ನೆ ಕೇಳಿದ್ದರೆ ನಾನು ಹಿಂದೆಮುಂದೆ ನೋಡದೆ ಜೆ-1 ತೆಗೆದುಕೊಳ್ಳಿ ಎನ್ನುತ್ತಿದ್ದೆ. ನಿಮ್ಮ ವಿಷಯದಲ್ಲಿ ಹಾಗೆನ್ನಲು ಹಿಂಜರಿಯುತ್ತೇನೆ. ಜೆ-1 ವೈದ್ಯರು ತರಬೇತಿ ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿ ಇರಬೇಕು, ಅಥವಾ ಆ ಷರತ್ತಿನಿಂದ ಬಿಡುಗಡೆ ಪಡೆಯಬೇಕು. ಅಲ್ಲಿಯವರೆಗೆ ಅವರಿಗೆ ಎಚ್-1ಬಿಯೂ ಸಿಗದು, ಗ್ರೀನ್ ಕಾರ್ಡೂ ಸಿಗದು. ನಾಳೆ ನಿಮ್ಮ ಯಜಮಾನರ ಸರದಿ ಬಂದು ಅವರಿಗೆ ಗ್ರೀನ್ ಕಾರ್ಡ್ ದೊರೆತರೂ ನೀವು ಅವರ ಜೊತೆಗೆ ಪಡೆಯಲಾರಿರಿ. ಬಿಡುಗಡೆಗೆ ಎಲ್ಲರಿಗೂ ಗೊತ್ತಿರುವ ದಾರಿ ಕಾನ್ರಾಡ್ 30: ಪ್ರತಿ ರಾಜ್ಯವೂ ವರ್ಷಕ್ಕೆ 30 ವೈದ್ಯರಿಗೆ ಶಿಫಾರಸು ಕೊಡಬಹುದು, ಹಾಗೆ ಪಡೆದವರು ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಮೂರು ವರ್ಷ ಪೂರ್ಣಾವಧಿ ಕೆಲಸ ಮಾಡಬೇಕು. ಅದು ಕೆಟ್ಟ ಬದುಕಲ್ಲ, ಸಣ್ಣ ಊರುಗಳಲ್ಲಿ ನೆಮ್ಮದಿಯಾಗಿ ಅದನ್ನು ಮುಗಿಸಿದ ಕನ್ನಡಿಗ ವೈದ್ಯರನ್ನು ನಾನು ಬಲ್ಲೆ. ಆದರೆ ನಿಮ್ಮ ಯಜಮಾನರ ಕೆಲಸ ಇರುವ ಊರು ಅದಾಗಿರುವುದು ಅಪರೂಪ. ಹಾಗಾಗಿ ಮೊದಲ ಎರಡು ದಾರಿಗಳು ನಿಜವಾಗಿ ಮುಚ್ಚಿವೆ ಎಂದು ಖಚಿತವಾದ ಮೇಲೆ ಮಾತ್ರ ಜೆ-1ಗೆ ಸಹಿ ಹಾಕಿ, ಮತ್ತು ಹಾಕುವ ಮುನ್ನ ನಿಮ್ಮದೇ ಖರ್ಚಿನಲ್ಲಿ ಒಬ್ಬ ವಲಸೆ ವಕೀಲರನ್ನು ಕಾಣಿ. ಆಸ್ಪತ್ರೆಯ ವಕೀಲರು ಸಜ್ಜನರೇ ಇರಬಹುದು, ಆದರೆ ಅವರು ಆಸ್ಪತ್ರೆಯ ಪರವಾಗಿ ಕೆಲಸ ಮಾಡುವವರು. ಎಲ್ಲ ದಾರಿಯೂ ಮುಚ್ಚಿ ಜೆ-1 ಒಂದೇ ಉಳಿದರೆ, ಕೈಯಲ್ಲಿರುವ ರೆಸಿಡೆನ್ಸಿಯನ್ನು ಬಿಡಬೇಡಿ. ಮುಂದಿನ ವರ್ಷ ಮತ್ತೆ ಮ್ಯಾಚ್‌ಗೆ ನಿಂತು ಇನ್ನೊಂದು ಪಡೆಯುವುದು ಎರಡು ವರ್ಷದ ಷರತ್ತಿಗಿಂತ ಕಷ್ಟ.

ಈಗ ಪರೀಕ್ಷೆ. ನಿಯಮದ ಪ್ರಕಾರ ಒಂದು ಸ್ಟೆಪ್‌ಗೆ ಒಟ್ಟು ನಾಲ್ಕು ಅವಕಾಶ, ಅದರಲ್ಲಿ 12 ತಿಂಗಳೊಳಗೆ ಮೂರಕ್ಕಿಂತ ಹೆಚ್ಚು ಬರೆಯುವಂತಿಲ್ಲ. ನಿಮಗೆ ಅವಕಾಶದ ಕೊರತೆಯಿಲ್ಲ. ಆದರೆ ಎರಡನೆಯ ಸಲ ಫೇಲಾದರೆ ಡೈರೆಕ್ಟರ್ ಜೊತೆಗಿನ ಮಾತುಕತೆಯ ಸ್ವರೂಪವೇ ಬದಲಾಗುತ್ತದೆ. ಕೆಲವು ರಾಜ್ಯಗಳ ಲೈಸೆನ್ಸ್ ಮಂಡಳಿಗಳು ಎಷ್ಟು ಸಲ ಬರೆದಿರಬಹುದು, ಎಷ್ಟು ವರ್ಷದೊಳಗೆ ಮುಗಿಸಿರಬೇಕು ಎಂದು ತಮ್ಮದೇ ಮಿತಿ ಇಟ್ಟಿರುತ್ತವೆ. ಆದ್ದರಿಂದ ಮೇ 10ಕ್ಕೆ ಸೀಟು ಖಾಲಿಯಿದೆ ಎಂಬ ಒಂದೇ ಕಾರಣಕ್ಕೆ ಆ ದಿನ ಹೋಗಿ ಕೂರಬೇಡಿ. ಜುಲೈ 1 ಹೇಗೂ ಕೈಗೆ ಎಟಕುವುದಿಲ್ಲ ಎಂದು ಮೇಲೆ ಲೆಕ್ಕ ಹಾಕಿದೆವು. ಎರಡು ವಾರ ಮುಂಚೆ ಬರೆದು ಕಳೆದುಕೊಳ್ಳುವುದಕ್ಕಿಂತ ಎರಡು ವಾರ ತಡೆದು ಗೆಲ್ಲುವುದೇ ಲೇಸು. ಐದಾರು ವಾರ ಪೂರ್ತಿ ಓದಿಗೆ ಇಟ್ಟು, ಮೇ ಕೊನೆ ಅಥವಾ ಜೂನ್ ಮೊದಲ ವಾರ ಬರೆಯುವುದು ನನಗೆ ಸರಿ ಎನಿಸುತ್ತದೆ.

ಓದುವ ಮೊದಲು ನಿಮ್ಮ ಅಂಕಪಟ್ಟಿಯನ್ನು ಓದಿ. ಒಟ್ಟು ಅಂಕ ನೋಡಿ ಕಣ್ಣೀರಿಟ್ಟು ಆ ಕಡತ ಮುಚ್ಚಿಬಿಡುವವರೇ ಹೆಚ್ಚು, ಆದರೆ ಕೆಳಗೆ ವಿಷಯವಾರು ನೀವು ಎಲ್ಲಿ ನಿಂತಿದ್ದೀರಿ ಎಂಬ ಚಿತ್ರವಿರುತ್ತದೆ. 200ಕ್ಕೆ ಏಳು ಅಂಕ ಕಡಿಮೆ ಬಂದವರಿಗೆ ಎಲ್ಲ ವಿಷಯವನ್ನೂ ಮೊದಲಿನಿಂದ ಓದುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ನನ್ನ ಬಳಿ ಸಲಹೆಗೆ ಬರುವ ನಮ್ಮ ಕಡೆಯ ಅಭ್ಯರ್ಥಿಗಳು ಎಡವುವ ಜಾಗಗಳು ಬಹುತೇಕ ಎರಡೇ. ಮೊದಲನೆಯದು, ಮೊದಲ ದಿನದ 232 ಪ್ರಶ್ನೆಗಳಲ್ಲಿ ಹರಡಿಕೊಂಡಿರುವ ಬಯೋಸ್ಟಾಟಿಸ್ಟಿಕ್ಸ್ ಮತ್ತು ಸಂಶೋಧನಾ ಪ್ರಬಂಧಗಳ ಸಾರಾಂಶ, ಔಷಧ ಜಾಹೀರಾತುಗಳನ್ನು ಓದಿ ಉತ್ತರಿಸುವ ಪ್ರಶ್ನೆಗಳು. ಇಡೀ ಪರೀಕ್ಷೆಯ ಹತ್ತರಲ್ಲಿ ಒಂದು ಭಾಗಕ್ಕೂ ಹೆಚ್ಚು ಇದೇ ಆಗಿದ್ದರೂ, ಎಂ.ಬಿ.ಬಿ.ಎಸ್.ನಲ್ಲಿ ಕಮ್ಯೂನಿಟಿ ಮೆಡಿಸಿನ್ ಜೊತೆ ಓದಿ ಮುಗಿಸಿದ ವಿಷಯವೆಂದು ಇದನ್ನು ಕೊನೆಯ ಎರಡು ದಿನಕ್ಕೆ ತಳ್ಳುತ್ತಾರೆ. ಒಂದು ವಾರ ಕೂತರೆ ನೇರವಾಗಿ ಅಂಕ ತರುವ ಭಾಗ ಇದಕ್ಕಿಂತ ಬೇರೆ ಇಲ್ಲ.

ಎರಡನೆಯದು, ಎರಡನೆಯ ದಿನದ 180 ಪ್ರಶ್ನೆಗಳ ನಂತರ ಬರುವ 13 ಸಿಸಿಎಸ್ ಪ್ರಕರಣಗಳು. ಇಲ್ಲಿ ಆಯ್ಕೆಗಳಿರುವುದಿಲ್ಲ; ಪರದೆಯ ಮೇಲಿನ ರೋಗಿಗೆ ಏನು ಬೇಕೋ ಅದನ್ನು ನೀವೇ ಟೈಪ್ ಮಾಡಿ ಆದೇಶಿಸಬೇಕು, ಗಡಿಯಾರವನ್ನೂ ನೀವೇ ಮುಂದಕ್ಕೆ ಓಡಿಸಬೇಕು. ಉದಾಹರಣೆಗೆ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮೂರು ವಾರ ಮಲಗಿದ್ದ ಮಹಿಳೆ ಇದ್ದಕ್ಕಿದ್ದಂತೆ ಉಸಿರುಗಟ್ಟಿ ಎಮರ್ಜೆನ್ಸಿಗೆ ಬಂದಿದ್ದಾರೆ ಎನ್ನಿ. ಶ್ವಾಸಕೋಶಕ್ಕೆ ರಕ್ತ ಹೆಪ್ಪುಗಟ್ಟಿ ಹೋಗಿರಬೇಕೆಂದು ಮೊದಲ ಸಾಲು ಓದುವಾಗಲೇ ನಿಮಗೆ ಗೊತ್ತಾಗುತ್ತದೆ. ಸರಿಯಾದ ಪರೀಕ್ಷೆ ಸಿಟಿ ಆಂಜಿಯೋಗ್ರಾಂ ಎಂದೂ ಗೊತ್ತು. ಅದನ್ನು ಆದೇಶಿಸಿ, ವರದಿ ಬರುವ ಹೊತ್ತಿಗೆ ಗಡಿಯಾರ ಓಡಿಸುತ್ತೀರಿ. ಅಲ್ಲಿಗೆ ಅಂಕ ಹೋಯಿತು, ಏಕೆಂದರೆ ಅಷ್ಟು ಹೊತ್ತು ಆ ಮಹಿಳೆ ಆಕ್ಸಿಜನ್ ಇಲ್ಲದೆ, ಮಾನಿಟರ್ ಇಲ್ಲದೆ, ಐ.ವಿ. ಇಲ್ಲದೆ, ಇಸಿಜಿ ಆಗದೆ, ಬಲವಾದ ಅನುಮಾನವಿದ್ದಾಗ ವರದಿಗೆ ಕಾಯದೆ ಶುರು ಮಾಡಬೇಕಾದ ಹೆಪಾರಿನ್ ಇಲ್ಲದೆ ಮಲಗಿದ್ದರು. ನಿಜವಾದ ವಾರ್ಡಿನಲ್ಲಿ ಇದರಲ್ಲಿ ಅರ್ಧವನ್ನು ನೀವು ಬಾಯಿಬಿಡುವ ಮುಂಚೆಯೇ ನರ್ಸ್ ಮಾಡಿರುತ್ತಾರೆ. ಪರದೆಯ ಮೇಲೆ ನೀವು ಟೈಪ್ ಮಾಡದ ಹೊರತು ಯಾವುದೂ ನಡೆಯುವುದಿಲ್ಲ. ರೋಗ ಗುರುತಿಸಲು ಬಂದರೂ ಅಂಕ ಕಳೆದುಕೊಳ್ಳುವವರು ಹೀಗೆಯೇ ಕಳೆದುಕೊಳ್ಳುತ್ತಾರೆ. ಯುಎಸ್‌ಎಂಎಲ್‌ಇಯ ಅಧಿಕೃತ ಜಾಲತಾಣದಲ್ಲಿ ಇದೇ ತಂತ್ರಾಂಶದ ಅಭ್ಯಾಸ ಪ್ರಕರಣಗಳು ಉಚಿತವಾಗಿ ಸಿಗುತ್ತವೆ. ಓದಿ ಬಿಡಬೇಡಿ, ಕೈಯಾರೆ ಟೈಪ್ ಮಾಡಿ. ಮೊದಲ ಎರಡು ನಿಮಿಷದ ಆದೇಶಗಳು ಬೆರಳಿಗೆ ಅಭ್ಯಾಸವಾಗುವವರೆಗೆ ದಿನಕ್ಕೆರಡು ಪ್ರಕರಣ ಮಾಡಿ.

ನೀವು ಕೊನೆಯಲ್ಲಿ ಕೇಳಿದ ಪ್ರಶ್ನೆಯನ್ನು ನಾನು ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ಸ್ಟೆಪ್ 3 ಎನ್ನುವುದು ಮೇಲ್ವಿಚಾರಣೆಯಿಲ್ಲದೆ ಸ್ವತಂತ್ರವಾಗಿ ರೋಗಿಗಳನ್ನು ನೋಡುವ ಅರ್ಹತೆಯನ್ನು ಅಳೆಯುವ ಪರೀಕ್ಷೆ. ರೆಸಿಡೆನ್ಸಿಯ ಒಂದು ವರ್ಷವನ್ನಾದರೂ ಮುಗಿಸಿದವರು ಅಥವಾ ಮುಗಿಸುವ ಹಂತದಲ್ಲಿರುವವರು ಇದನ್ನು ಬರೆಯುವುದು ಒಳ್ಳೆಯದೆಂದು ಪರೀಕ್ಷೆ ನಡೆಸುವವರೇ ಶಿಫಾರಸು ಮಾಡುತ್ತಾರೆ. ನೀವು ವೀಸಾದ ಅನಿವಾರ್ಯಕ್ಕಾಗಿ, ಆ ವರ್ಷ ಆರಂಭವಾಗುವ ಮುಂಚೆಯೇ, ಮ್ಯಾಚ್ ಫಲಿತಾಂಶ ಬಂದ ತಿಂಗಳಲ್ಲೇ ಬರೆದಿರಿ. ಜುಲೈಯಲ್ಲಿ ವಾರ್ಡಿಗೆ ಬರುವ ಇಂಟರ್ನ್‌ಗೆ ಬೇಕಾದ ಅರ್ಹತೆ ಸ್ಟೆಪ್ 1 ಮತ್ತು ಸ್ಟೆಪ್ 2 ಸಿಕೆ. ಆ ಎರಡೂ ನಿಮ್ಮ ಬಳಿ ಇವೆ. ನಿಮ್ಮ ಜೊತೆ ಅದೇ ದಿನ ಸೇರುವ ಅಮೆರಿಕದ ಪದವೀಧರರಲ್ಲಿ ಸ್ಟೆಪ್ 3 ಬರೆದವರು ಬಹುಶಃ ಒಬ್ಬರೂ ಇರುವುದಿಲ್ಲ. ಅವರನ್ನು ಯಾರೂ ಅಯೋಗ್ಯರು ಎನ್ನುವುದಿಲ್ಲ, ನಿಮ್ಮನ್ನೂ ಯಾರೂ ಎನ್ನಬಾರದು. ರಾತ್ರಿ ನಿದ್ದೆ ಬಾರದಿರುವುದು ಎರಡು ವಾರ ದಾಟಿದರೆ, ಊಟ ಸೇರದಿದ್ದರೆ, ಅದನ್ನು ಪರೀಕ್ಷೆಯ ಚಿಂತೆ ಎಂದು ತಳ್ಳಿಹಾಕದೆ ವೈದ್ಯರನ್ನು ಕಾಣಿ. ಬೇರೆಯವರಾಗಿದ್ದರೆ ನೀವೇ ಅವರಿಗೆ ಹಾಗೆ ಹೇಳುತ್ತಿದ್ದಿರಿ.

ಪ್ರಶ್ನೆ: ನನ್ನ ಮಗ ಕಳೆದ ವರ್ಷ ಎಂ.ಬಿ.ಬಿ.ಎಸ್. ಮುಗಿಸಿದ್ದಾನೆ. ಅಮೆರಿಕದಲ್ಲಿ ರೆಸಿಡೆನ್ಸಿ ಮಾಡಬೇಕೆಂದು ಸ್ಟೆಪ್ 1 ಪಾಸು ಮಾಡಿದ. ಸ್ಟೆಪ್ 2 ಸಿಕೆಯಲ್ಲಿ 211 ಬಂದು ನಪಾಸಾಗಿದ್ದಾನೆ. ಸೆಪ್ಟೆಂಬರ್‌ನಲ್ಲಿ ಅರ್ಜಿ ಹಾಕುವ ಯೋಜನೆಯಿತ್ತು. ಈಗ ಅವನು ಮನೆಯಲ್ಲಿ ಸರಿಯಾಗಿ ಮಾತನಾಡುವುದಿಲ್ಲ. ಬೇಗ ಇನ್ನೊಮ್ಮೆ ಬರೆದು ಈ ವರ್ಷವೇ ಅರ್ಜಿ ಹಾಕು ಎಂದು ನಾನು ಹೇಳುತ್ತಿದ್ದೇನೆ. ಸರಿಯೇ? ಮುಂದೆ ಪಾಸಾದರೆ ಈ ನಪಾಸು ಅಳಿಸಿಹೋಗುತ್ತದೆಯೇ?
(ಒಬ್ಬ ತಂದೆ)

ಉತ್ತರ: ಅಳಿಸಿಹೋಗುವುದಿಲ್ಲ. ಬರೆದ ಪ್ರತಿ ಸಲದ ಫಲಿತಾಂಶವೂ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಇರುತ್ತದೆ, ಅರ್ಜಿ ಹಾಕಿದ ಎಲ್ಲ ಆಸ್ಪತ್ರೆಗಳಿಗೂ ಕಾಣುತ್ತದೆ. ಮೇಲಿನ ಪತ್ರದ ಸಹೋದರಿಗೂ ನಿಮ್ಮ ಮಗನಿಗೂ ಇರುವ ವ್ಯತ್ಯಾಸ ಇಲ್ಲಿಯೇ: ಅವರಿಗೆ ರೆಸಿಡೆನ್ಸಿ ಸಿಕ್ಕ ಮೇಲೆ ನಪಾಸಾಯಿತು, ನಿಮ್ಮ ಮಗನಿಗೆ ಆಯ್ಕೆಗೆ ಮೊದಲೇ ಆಗಿದೆ. 2022ರ ಜನವರಿಯಿಂದ ಸ್ಟೆಪ್ 1ಕ್ಕೆ ಅಂಕ ಕೊಡುವುದನ್ನು ನಿಲ್ಲಿಸಿ ಪಾಸು ಅಥವಾ ಫೇಲು ಎಂದಷ್ಟೇ ತಿಳಿಸುತ್ತಿರುವುದರಿಂದ, ಆಸ್ಪತ್ರೆಗಳು ಅಭ್ಯರ್ಥಿಗಳನ್ನು ಹೋಲಿಸಲು ನೋಡುವ ಮುಖ್ಯ ಅಂಕ ಸ್ಟೆಪ್ 2 ಸಿಕೆಯದ್ದೇ. ಪಾಸಾಗಲು ಬೇಕಾದ ಅಂಕವನ್ನೂ 2025ರ ಜುಲೈ 1ರಿಂದ 214ರಿಂದ 218ಕ್ಕೆ ಏರಿಸಿದ್ದಾರೆ.

ಆದ್ದರಿಂದ, ಅಪ್ಪನಾಗಿ ನಿಮ್ಮ ಆತುರ ನನಗೆ ಅರ್ಥವಾಗುತ್ತದೆ, ಆದರೆ ಅದನ್ನು ಒಪ್ಪಲಾರೆ. ಪಾಸಾದ ಸ್ಟೆಪ್ ಅನ್ನು ಅಂಕ ಹೆಚ್ಚಿಸಿಕೊಳ್ಳಲೆಂದು ಮತ್ತೆ ಬರೆಯುವಂತಿಲ್ಲ. ಅವಸರದಲ್ಲಿ ಬರೆದು 221 ತೆಗೆದುಕೊಂಡರೆ ಒಂದು ನಪಾಸು, ಒಂದು ಸಣ್ಣ ಅಂಕ, ಎರಡೂ ಶಾಶ್ವತವಾಗಿ ಉಳಿಯುತ್ತವೆ. ಅದೇ ಒಂದು ವರ್ಷ ತಡೆದು ಚೆನ್ನಾಗಿ ಓದಿ 245ರ ಆಸುಪಾಸು ತೆಗೆದುಕೊಂಡರೆ, ಆ ನಪಾಸನ್ನು ದಾಟಿ ಅವನ ಅರ್ಜಿಯನ್ನು ಓದುವ ಪ್ರೋಗ್ರಾಂಗಳು ಸಿಗುತ್ತವೆ. ಅರ್ಜಿಗಳು ಪ್ರೋಗ್ರಾಂಗಳಿಗೆ ತೆರೆದುಕೊಳ್ಳುವುದು ಸೆಪ್ಟೆಂಬರ್ ಕೊನೆಯ ಭಾಗದಲ್ಲಿ; ಅಷ್ಟರೊಳಗೆ ಒಳ್ಳೆಯ ಅಂಕ ಬರುವಂತಿದ್ದರೆ ಮಾತ್ರ ಈ ವರ್ಷ ಹಾಕಲಿ. ನಿಯಮದಂತೆ ರ‍್ಯಾಂಕ್ ಪಟ್ಟಿಯ ಗಡುವಿನವರೆಗೂ ಪಾಸಾಗಲು ಅವಕಾಶವಿದೆ ನಿಜ, ಆದರೆ ಅಂಕವಿಲ್ಲದ, ನಪಾಸು ಮಾತ್ರ ಇರುವ ಅರ್ಜಿಗೆ ಸಂದರ್ಶನದ ಕರೆ ಬರುವುದು ತೀರಾ ಕಷ್ಟ, ಅರ್ಜಿಯ ಹಣವೂ ವ್ಯರ್ಥ.

ಆ ವರ್ಷ ಪೂರ್ತಿ ಅವನು ಕೋಣೆಯಲ್ಲಿ ಕೂರಬಾರದು. ಯಾವುದಾದರೂ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಆಗಿ ಕೆಲಸ ಮಾಡಲಿ. ಪದವಿಯ ನಂತರ ರೋಗಿಗಳಿಂದ ದೂರ ಉಳಿದ ವರ್ಷಗಳನ್ನು ಪ್ರೋಗ್ರಾಂಗಳು ಎಣಿಸುತ್ತವೆ, ಮತ್ತು ಕೆಲಸ ಮಾಡುವ ಹುಡುಗನಿಗೆ ತಾನು ವೈದ್ಯನೆಂಬುದು ಮರೆಯುವುದಿಲ್ಲ. ನೀಟ್ ಪಿಜಿ ಬರೆಯಲೇ ಎಂದು ಅವನಾಗಿಯೇ ಕೇಳಿದರೆ ಸೋತು ಹಿಂದಿರುಗಿದ ಹಾಗೆ ನೋಡಬೇಡಿ; ಎರಡನೆಯ ಸಲವೂ ನಪಾಸಾದರೆ ಅದೇ ಹೆಚ್ಚು ವಿವೇಕದ ದಾರಿ ಎಂದು ನಾನೂ ಹೇಳುತ್ತೇನೆ. ನಾಲ್ಕು ಅವಕಾಶವಿದೆ ಎಂದ ಮಾತ್ರಕ್ಕೆ ನಾಲ್ಕನ್ನೂ ಬಳಸಬೇಕೆಂದಿಲ್ಲ. ಅವನು ಮಾತನಾಡುತ್ತಿಲ್ಲ ಎಂದಿರಿ. "ಮತ್ತೆ ಯಾವಾಗ ಬರೆಯುತ್ತೀಯ" ಎಂಬ ಪ್ರಶ್ನೆಯನ್ನು ಒಂದು ತಿಂಗಳು ಕೇಳದೆ ಇದ್ದು ನೋಡಿ. ಉಳಿದ ವಿಷಯಗಳನ್ನು ಮಾತನಾಡಿ. ಬೇಕಾದ ಲೆಕ್ಕಾಚಾರವನ್ನೆಲ್ಲ ಅವನು ನಿಮಗಿಂತ ಹೆಚ್ಚು ಸಲ ಹಾಕಿರುತ್ತಾನೆ.

ಪ್ರಶ್ನೆ: ಜೆ-1ರಲ್ಲಿ ಜುಲೈಗೆ ಸೇರುತ್ತಿದ್ದೇನೆ. ಮೊದಲ ವರ್ಷ ಓದಲು ಸಮಯವೇ ಸಿಗದು, ಹೋಗುವ ಮುನ್ನ ಸ್ಟೆಪ್ 3 ಮುಗಿಸಿಬಿಡಿ ಎಂದು ಸೀನಿಯರ್‌ಗಳು ಹೇಳುತ್ತಾರೆ. ಏನು ಮಾಡಲಿ?
(ಒಬ್ಬ ಓದುಗ)

ಉತ್ತರ: ಸ್ಟೆಪ್ 1, ಸ್ಟೆಪ್ 2 ಸಿಕೆ ಭಾರತದಲ್ಲೂ ನಡೆಯುತ್ತವೆ, ಆದರೆ ಸ್ಟೆಪ್ 3 ಅಲ್ಲಿ ನಡೆಯುವುದಿಲ್ಲ. ಅಮೆರಿಕ ಮತ್ತು ಅದರ ಅಧೀನ ಪ್ರದೇಶಗಳಲ್ಲಿ ಮಾತ್ರ ಬರೆಯಬೇಕು, ಶುಲ್ಕವೇ 900 ಡಾಲರ್ ದಾಟುತ್ತದೆ. ನಿಮಗೆ ವೀಸಾದ ಅನಿವಾರ್ಯವಿಲ್ಲ. ಈಗಾಗಲೇ ಅಮೆರಿಕದಲ್ಲಿದ್ದು, ಎರಡು ತಿಂಗಳು ಬಿಡುವಾಗಿದ್ದು, ಸ್ಟೆಪ್ 2 ಸಿಕೆಯ ಓದು ಹಸಿಯಾಗಿದ್ದರೆ ಬರೆಯಿರಿ. ಮೊದಲ ವರ್ಷ ಹಗುರವಾಗುತ್ತದೆ ಎಂಬುದು ನಿಜ. ಇದರಲ್ಲಿ ಒಂದು ಇಲ್ಲದಿದ್ದರೂ ಬೇಡ. ಇಂಟರ್ನ್ ವರ್ಷದ ಹಗುರವಾದ ರೊಟೇಷನ್ ಯಾವ ತಿಂಗಳು ಬರುತ್ತದೆಂದು ಕೋಆರ್ಡಿನೇಟರನ್ನು ಮೊದಲೇ ಕೇಳಿಕೊಂಡು, ಅದಕ್ಕೆ ಹೊಂದಿಸಿ ತಾರೀಖು ತೆಗೆದುಕೊಳ್ಳಿ. ಮೂರನೆಯ ವರ್ಷಕ್ಕೆ ಬಡ್ತಿ ಪಡೆಯುವ ಮುನ್ನ ಪಾಸಾಗಿರಬೇಕೆಂದು ಅನೇಕ ಪ್ರೋಗ್ರಾಂಗಳು ನಿಯಮ ಮಾಡಿರುತ್ತವೆ; ನಿಮ್ಮ ಪ್ರೋಗ್ರಾಂನ ಗಡುವು ಯಾವುದೆಂದು ಓರಿಯಂಟೇಷನ್ ವಾರದಲ್ಲೇ ಬರವಣಿಗೆಯಲ್ಲಿ ತಿಳಿದುಕೊಳ್ಳಿ.